ಆರೋಗ್ಯವಂತರು, ಏಳು ಮಂದಿ

ಫೆಬ್ರವರಿ 3, ಸೋಮವಾರ

2,316.

ಹಲ್ಲುಜ್ಜುವ ಮೊದಲೇ ನೋಡಿದೆ. ಶುಕ್ರವಾರಕ್ಕಿಂತ ಎರಡು ಹೆಚ್ಚು. ಎಲ್ಲೋ ಇಬ್ಬರು ತಮ್ಮ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ನನ್ನ ಪ್ರಬಂಧವನ್ನು ಉಲ್ಲೇಖಿಸಿದ್ದಾರೆ. ನಾನಿಲ್ಲಿ ಹಾಸಿಗೆಯ ಮೇಲೆ ಕೂತು ಆ ಎರಡನ್ನು ಎಣಿಸಿ ಹಿಗ್ಗಿದ್ದೇನೆ. ಐವತ್ತೊಂದು ವರ್ಷದ ಹೆಂಗಸು ಮಾಡುವ ಕೆಲಸವಲ್ಲ, ಗೊತ್ತು. ಡೈರಿಯ ಹತ್ತಿರ ನಾಚಿಕೆ ಏನು.

ತಂಗಿ ಬಾಗಿಲಲ್ಲಿ ಇಣುಕಿ, ಇವತ್ತು ಪೇಟೆ ಏರಿತೋ ಇಳಿಯಿತೋ ಎಂದು ಕೇಳಿದಳು. ಉಲ್ಲೇಖಗಳ ಪೇಟೆ ಏರುವುದೇ ಹೊರತು ಇಳಿಯುವುದಿಲ್ಲ, ಅದೇ ಅದರ ಸುಖ ಎಂದೆ. ಹಾಗಾದರೆ ತನ್ನ ಡ್ರೈವಿಂಗ್ ಸ್ಕೂಲಿನಿಂದ ಲೈಸೆನ್ಸ್ ಪಡೆದವರನ್ನೂ ದಿನಾ ಎಣಿಸುತ್ತೇನೆ ಎಂದಳು. ಎಣಿಸು, ಆದರೆ ಗುದ್ದಿದವರನ್ನು ಕಳೆಯಬೇಕು ಎಂದೆ. ನಿನ್ನ ಲೆಕ್ಕದಲ್ಲಿ ಗುದ್ದಿದವರನ್ನು ಕಳೆಯುತ್ತಾರಾ ಎಂದು ಕೇಳಿ ಹೋದಳು. ಮನೆಯಲ್ಲಿ ನಾವಿಬ್ಬರೇ ಇರುವುದರಿಂದ ಕೊನೆಯ ಮಾತು ಯಾವಾಗಲೂ ಅವಳದೇ.

ವಿಭಾಗದ ಮುಖ್ಯಸ್ಥೆಯ ಹುದ್ದೆಗೆ ಆಯ್ಕೆ ಸಮಿತಿ ಕೂರುವುದು ಮಾರ್ಚ್ 14ಕ್ಕೆ. ಗ್ರಂಥಪಾಲಕಿ ನನ್ನ ಪ್ರಕಟಣೆಗಳ ವರದಿ ತಯಾರಿಸುತ್ತಿದ್ದಾರೆ. ಪ್ರಬಂಧಗಳು ಅರವತ್ತನಾಲ್ಕು, ಒಟ್ಟು ಉಲ್ಲೇಖ ನಾಲ್ಕು ಸಾವಿರದ ಹತ್ತಿರ. ಅದರಲ್ಲಿ 2,316 ಒಂದೇ ಪ್ರಬಂಧದ್ದು ಎಂದು ಅವರು ಬಹಳ ಮರ್ಯಾದೆಯಿಂದ ತೋರಿಸಿಕೊಟ್ಟರು. ನನಗೆ ಗೊತ್ತಿಲ್ಲದ್ದೇನಲ್ಲ. ಎಳೆಯುವ ಎತ್ತು ಒಂದೇ, ಉಳಿದ ಅರವತ್ತಮೂರು ಬಂಡಿಯಲ್ಲಿ ಕೂತಿವೆ.

ಆ ಪ್ರಬಂಧಕ್ಕೆ ಲ್ಯಾಬಿನಲ್ಲಿ ‘ಗೆರೆ’ ಅಂತಲೇ ಹೆಸರು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದ ಮೇಲೆ ರೋಗ ಮರಳುತ್ತಿದೆಯೇ ಎಂದು ನೋಡಲು ರಕ್ತದಲ್ಲಿ ಒಂದು ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುತ್ತೇವೆ. ಹತ್ತರ ಮೇಲೆ ಬಂದರೆ ಎಚ್ಚರ, ಕೆಳಗಿದ್ದರೆ ನೆಮ್ಮದಿ. ಆ ಹತ್ತರ ಗೆರೆಯನ್ನು ಹನ್ನೆರಡು ವರ್ಷದ ಹಿಂದೆ ಏಳು ಮಂದಿ ಆರೋಗ್ಯವಂತರ ರಕ್ತ ಅಳೆದು ಎಳೆದವಳು ನಾನು.

ಇವತ್ತು ಒಂದು ಉಪಾಯ ಹೊಳೆಯಿತು. ಆ ಹಳೆಯ ಸ್ಯಾಂಪಲ್‌ಗಳನ್ನು ಹೊಸ ಯಂತ್ರಕ್ಕೆ ಹಾಕಿಸಿ, ಹನ್ನೆರಡು ವರ್ಷವಾದರೂ ಗೆರೆ ಅಲ್ಲಾಡಿಲ್ಲ ಎಂದು ಸಮಿತಿಗೆ ಒಂದು ಪುಟ ಕೊಡುವುದು. ಯಾರೂ ಕೇಳಿಲ್ಲ. ಕೇಳದೆ ಕೊಟ್ಟರೇ ತೂಕ.

ತಂಗಿ ಸ್ನಾನ ಮುಗಿಸಿ ಬಂದು ಅರ್ಧ ಗಂಟೆ ತೋಳು ಕೆರೆದುಕೊಂಡಳು. ಹೊಸ ಸೋಪಿನ ಮೇಲೆ ಆಪಾದನೆ. ಸೋಪು ತಂದವಳು ನಾನಾದ್ದರಿಂದ ಬೈಗುಳ ನನಗೂ ಬಂತು.

ಫೆಬ್ರವರಿ 7, ಶುಕ್ರವಾರ

2,317.

ದೊಡ್ಡ ಫ್ರೀಜರಿನ ಕೆಳಗಿನ ಅರೆಯಲ್ಲಿ ಸಿಕ್ಕವು. ಪೆಟ್ಟಿಗೆಯ ಮೇಲೆ ಮಂಜು ಒರೆಸಿದರೆ ನಮ್ಮ ‘ಲೇಬಲ್ ಅಣ್ಣ’ನ ಗುಂಡು ಅಕ್ಷರ. ನಿವೃತ್ತನಾಗಿ ಐದು ವರ್ಷವಾಯಿತು, ಅವನು ಅಂಟಿಸಿದ ಒಂದು ಚೀಟಿಯೂ ಕಿತ್ತಿಲ್ಲ. ಕಂಡದ್ದಕ್ಕೆಲ್ಲ ಲೇಬಲ್ ಹಚ್ಚುತ್ತಿದ್ದ ಟೆಕ್ನಿಷಿಯನ್. ತನ್ನ ಕೊಡೆಗೂ ಹಚ್ಚಿದ್ದ. ಗೋಡೆ ಗಡಿಯಾರದ ಕೆಳಗೆ ‘ಐದು ನಿಮಿಷ ಮುಂದಿದೆ’ ಎಂದು ಅಂಟಿಸಿದ್ದನೇ ಹೊರತು ಗಡಿಯಾರ ಸರಿಮಾಡಲಿಲ್ಲ.

ಏಳು ಟ್ಯೂಬು, ಒಂದರಿಂದ ಏಳು. ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದ್ದು ಎನ್ನುವುದು ಅವನ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು.

ಪ್ರಬಂಧದಲ್ಲಿ ಇವರು ‘ಆರೋಗ್ಯವಂತ ಸ್ವಯಂಸೇವಕರು, ಏಳು ಮಂದಿ’. ನಿಜ ಹೇಳಬೇಕೆಂದರೆ ನಾವೇ. ರಕ್ತದ ಕ್ಯಾನ್ಸರಿನ ಆಸ್ಪತ್ರೆಯಲ್ಲಿ ರೋಗಿಗಳ ರಕ್ತಕ್ಕೆ ಬರವಿಲ್ಲ, ಆರೋಗ್ಯವಂತರ ರಕ್ತ ಸಿಗುವುದೇ ಕಷ್ಟ. ಬೇಕಾದಾಗೆಲ್ಲ ಲ್ಯಾಬಿನವರೇ ತೋಳು ಮಡಚಿ ಕೂರುತ್ತಿದ್ದೆವು. ಮೂರು ಮಹಡಿ ಹತ್ತಿ ಏದುಸಿರು ಬಿಡದವರೆಲ್ಲ ಆರೋಗ್ಯವಂತರು ಎನ್ನುವುದು ಅಣ್ಣನ ನಿಯಮ. ಒಪ್ಪಿಗೆ ಪತ್ರ ಎಂದರೆ ತಲೆಯಾಡಿಸುವುದು. ಆಗ ಎಲ್ಲ ಲ್ಯಾಬಿನಲ್ಲೂ ಹಾಗೇ ಇತ್ತು ಅಂದುಕೊಂಡಿದ್ದೇನೆ. ಕೇಳಿ ನೋಡಿಲ್ಲ.

ಕೊನೆಯಲ್ಲಿ ಕೂತವಳು ನಾನು, ಅಷ್ಟು ನೆನಪಿದೆ. ಯಜಮಾನಿ ಕೊನೆಗೆ. ಏಳನೆಯದು ನನ್ನದು.

ಯಂತ್ರಕ್ಕೆ ಕಳಿಸಿದೆ.

ಫೆಬ್ರವರಿ 12, ಬುಧವಾರ

2,321 ಎಂದು ಬೆಳಿಗ್ಗೆ ಬರೆದಿಟ್ಟಿದ್ದೆ. ಈಗ ಸಂಜೆ. ಅಕ್ಷರ ನನ್ನದಲ್ಲ ಅನ್ನಿಸುತ್ತಿದೆ.

ಒಂದರಿಂದ ಆರರವರೆಗೆ ಶುದ್ಧ. ಏಳರಲ್ಲಿ ಒಂದು ಜೀನ್ ಬದಲಾಗಿದೆ. ನೂರು ಕೋಶಗಳಲ್ಲಿ ಮೂರರಲ್ಲಿ. ಯಂತ್ರದ ತಪ್ಪಿರಬೇಕೆಂದು ಮತ್ತೆ ಓಡಿಸಿದೆ. ಮತ್ತೆ ಮೂರು. ಆಗಿನ ಯಂತ್ರಕ್ಕೆ ಇದು ಕಾಣುತ್ತಿರಲಿಲ್ಲ. ಗೆರೆ ಎಳೆಯುವಾಗ ಏಳನೆಯ ರಕ್ತದ ಅಳತೆ ಉಳಿದವರಿಗಿಂತ ಮೇಲಿತ್ತು. ಮನುಷ್ಯರು ಒಬ್ಬರಂತೆ ಒಬ್ಬರಿರುವುದಿಲ್ಲ ಎಂದು ಸುಮ್ಮನಾಗಿದ್ದೆವು.

ಈ ಬದಲಾವಣೆ ನನಗೆ ಚೆನ್ನಾಗಿ ಗೊತ್ತು. ಕೆಲವರಲ್ಲಿ ಜೀವಮಾನವಿಡೀ ಸುಮ್ಮನಿರುತ್ತದೆ. ಕೆಲವರಲ್ಲಿ ಬೆಳೆದು ಮೂಳೆಮಜ್ಜೆ ಹಿಡಿತ ತಪ್ಪಿ ರಕ್ತ ಮಾಡುತ್ತ ಹೋಗುತ್ತದೆ, ರಕ್ತ ಮಂದವಾಗುತ್ತದೆ, ಎಲ್ಲೋ ಹೆಪ್ಪುಗಟ್ಟುತ್ತದೆ. ಅದೂ ರಕ್ತದ ಕ್ಯಾನ್ಸರೇ, ನಿಧಾನದ್ದು. ಹನ್ನೆರಡು ವರ್ಷ ಎಂದರೆ ನಿಧಾನಕ್ಕೂ ಸಾಕಷ್ಟು ಹೊತ್ತು.

ಏಳನೆಯದು ನನ್ನದು.

ಫೆಬ್ರವರಿ 13, ಗುರುವಾರ

2,321. ಏರಿಲ್ಲ.

ತೊಡೆಯ ಮೇಲೆ ಒಂದು ನೀಲಿ ಕಲೆ. ಮೇಜಿನ ಮೂಲೆ ತಾಗಿದ್ದು ನೆನಪಿದೆ. ಆದರೂ ಮೂರು ಸಲ ನೋಡಿದೆ.

ಬಿಸಿನೀರಿನ ಸ್ನಾನದ ನಂತರ ಮೈ ತುರಿಸುವುದು ಈ ಕಾಯಿಲೆಯ ಗುರುತು. ಸ್ನಾನ ಮಾಡಿ ಬಂದು ತುರಿಸುತ್ತದೆಯೇ ಎಂದು ಕಾದು ಕೂತೆ. ಕಾದು ಕೂತರೆ ಯಾರಿಗಾದರೂ ತುರಿಸುತ್ತದೆ. ತುರಿಸಿತು. ಆಮೇಲೆ ನೆನಪಾಯಿತು, ತಂಗಿಗೂ ತುರಿಸುತ್ತದಲ್ಲ. ಅಂದರೆ ಸೋಪಿನದೇ. ಎಷ್ಟು ಸಮಾಧಾನವಾಯಿತೆಂದರೆ ಹೋಗಿ ಅವಳ ತಲೆ ಸವರಿ ಬಂದೆ. ಏನಾಯ್ತು ನಿನಗೆ ಎಂದಳು.

ಫೆಬ್ರವರಿ 15, ಶನಿವಾರ

2,321.

ಏಳನೆಯದನ್ನು ಬಿಟ್ಟು ಗೆರೆಯ ಲೆಕ್ಕ ಮತ್ತೆ ಮಾಡಿದೆ. ಹತ್ತು ಅಲ್ಲ, ಆರು. ಕ್ಯಾಲ್ಕುಲೇಟರ್ ಮುಚ್ಚಿಟ್ಟು ಕಾಗದದ ಮೇಲೆ ಮಾಡಿದೆ, ಆಗಲೂ ಆರು.

ಆರರಿಂದ ಹತ್ತರ ನಡುವೆ ಬಂದ ರೋಗಿಗಳಿಗೆಲ್ಲ ಹನ್ನೆರಡು ವರ್ಷದಿಂದ ‘ನೆಮ್ಮದಿಯಾಗಿರಿ, ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಹೇಳಲಾಗಿದೆ. ಇಲ್ಲಿ, ಇನ್ನೆಲ್ಲೆಲ್ಲೋ. ಎಷ್ಟು ಮಂದಿ ಎಂದು ಯೋಚಿಸಲು ಹೊರಟರೆ ಲೆಕ್ಕ ಅರ್ಧಕ್ಕೇ ಬಿಡುತ್ತೇನೆ. ಆದ್ದರಿಂದ ನನ್ನ ಬಗ್ಗೆಯೇ ಯೋಚಿಸುತ್ತೇನೆ. ಹೆದರಿಕೆಗೂ ಒಂದು ಅಳತೆ ಇದೆ, ಒಂದು ದೇಹದಷ್ಟಾದರೆ ಹೇಗೋ ಹಿಡಿಸುತ್ತದೆ.

ತಂಗಿಗೆ ತಲೆನೋವು. ಇವತ್ತು ಎರಡು ಪಾಠ ರದ್ದು ಮಾಡಿ ಬೇಗ ಬಂದಳು. ಬಿಸಿಲು, ಜೊತೆಗೆ ಕ್ಲಚ್ ಬಿಡಲು ಬಾರದ ಒಬ್ಬ ಬ್ಯಾಂಕ್ ಮ್ಯಾನೇಜರು ಎಂದಳು. ಮುಖ ಕೆಂಪಾಗಿತ್ತು. ಸಿಟ್ಟು ಬಂದರೆ ಅವಳು ಹಾಗೇ. ನನ್ನನ್ನೇ ನೋಡಿ, ನೀನು ಯಾಕೆ ಬಿಳಿಚಿಕೊಂಡಿದ್ದೀಯ, ಊಟ ಸರಿಯಾಗಿ ಮಾಡು ಎಂದು ಬೈದಳು.

ಫೆಬ್ರವರಿ 18, ಮಂಗಳವಾರ

2,322.

ನಿರ್ದೇಶಕರ ಕೋಣೆಗೆ ಬೇರೆ ನೆಪದಲ್ಲಿ ಹೋಗಿ, ಸುಮ್ಮನೆ ಎಂಬಂತೆ ಕೇಳಿದೆ. ಯಾರದೋ ಹಳೆಯ ಪ್ರಬಂಧದಲ್ಲಿ ಹೋಲಿಕೆಗೆ ತೆಗೆದುಕೊಂಡ ರಕ್ತದಲ್ಲಿ ಒಂದು ಆರೋಗ್ಯವಂತರದ್ದಲ್ಲ ಎಂದು ಈಗ ತಿಳಿದರೆ? ಅವರು ಕನ್ನಡಕದ ಮೇಲಿಂದ ನೋಡಿದರು. ಯಾರದು ಎಂದು ಕೇಳಲಿಲ್ಲ. ಬುದ್ಧಿವಂತರು.

“ದೋಣಿ ದಡ ಸೇರ್ಲಿ ಮೇಡಂ,” ಎಂದರು. “ತೂತು ಆಮೇಲೆ ಮುಚ್ಚಬಹುದು.”

ಈಚೆ ಬಂದ ಮೇಲೆ ಅನ್ನಿಸಿತು, ತೂತಿದ್ದ ದೋಣಿ ದಡ ಸೇರುವುದಾದರೂ ಹೇಗೆ. ಆದರೆ ಮೆಟ್ಟಿಲಿಳಿಯುವಾಗ ನನಗೂ ಬೇಕಾಗಿದ್ದ ಉತ್ತರ ಅದೇ ಆಗಿತ್ತು. ನಾನೇ ರೋಗಿ, ನಾನೇ ಪ್ರಬಂಧ. ತಡವಾದರೆ ನಷ್ಟ ನನಗೇ ತಾನೆ. ನನ್ನ ಪ್ರಾಣದ ಮೇಲೆ ನನಗೆ ಅಷ್ಟು ಹಕ್ಕಿಲ್ಲವೇ?

ಫೆಬ್ರವರಿ 20, ಗುರುವಾರ

ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ನಾಳೆ.

ಫೆಬ್ರವರಿ 21, ಶುಕ್ರವಾರ

ನಾಳೆ.

ಫೆಬ್ರವರಿ 23, ಭಾನುವಾರ

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಎಡತೋಳಿಗೆ ಪಟ್ಟಿ ಬಿಗಿದು, ಹಲ್ಲಿನಲ್ಲಿ ತುದಿ ಎಳೆದು ನಾನೇ ಚುಚ್ಚಿಕೊಂಡೆ. ಎರಡು ಸಲ ತಪ್ಪಿತು. ಈ ಕೈಯಿಂದ ಎಷ್ಟು ಮಂದಿಯ ರಕ್ತ ತೆಗೆದಿದ್ದೇನೆ, ಎಲ್ಲರಿಗೂ ‘ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ’ ಎಂದಿದ್ದೇನೆ. ಇರುವೆ ಹಾಗೆ ಕಚ್ಚುವುದಿಲ್ಲ.

ಟ್ಯೂಬಿನ ಮೇಲೆ ಏನು ಬರೆಯುವುದೆಂದು ತೋಚಲಿಲ್ಲ. ‘ಎಂಟು’ ಎಂದು ಬರೆದೆ.

ಯಂತ್ರದ ಫಲಿತಾಂಶ ಬುಧವಾರ. ನನಗೆ ಏನಾದರೂ ಆದರೆ ತಂಗಿಗೆ ಯಾರು? ಡ್ರೈವಿಂಗ್ ಸ್ಕೂಲಿನ ಹಳೆಯ ಕಾರು, ಬಾಯಿ ಜೋರು, ಇಷ್ಟೇ ಅವಳ ಆಸ್ತಿ. ಅವಳ ಬಗ್ಗೆ ಯೋಚಿಸಿ ಅತ್ತೆ. ಅವಳು ಬಾತ್‌ರೂಮಿನಲ್ಲಿ ತಣ್ಣೀರಿನ ಬಕೆಟ್ಟಿನಲ್ಲಿ ಕಾಲು ಇಟ್ಟುಕೊಂಡು ಕೂತು ಹಾಡಿಕೊಳ್ಳುತ್ತಿದ್ದಳು. ಅಂಗಾಲು ಉರಿಯಂತೆ, ದಿನವಿಡೀ ಬ್ರೇಕ್ ತುಳಿದು.

ಫೆಬ್ರವರಿ 26, ಬುಧವಾರ

2,326!

ನನ್ನದಲ್ಲ. ನನ್ನದಲ್ಲ. ನೂರಕ್ಕೆ ಸೊನ್ನೆ. ಎರಡು ಸಲ ಓಡಿಸಿದೆ, ಎರಡು ಸಲವೂ ಸೊನ್ನೆ. ಯಂತ್ರವನ್ನು ಮುದ್ದಿಸುವುದೊಂದು ಬಾಕಿ.

ಬರುವಾಗ ತಂಗಿಗೆ ಮೆತ್ತನೆಯ ಚಪ್ಪಲಿ ತಂದೆ, ಅಂಗಾಲು ಉರಿ ಅನ್ನುತ್ತಾಳಲ್ಲ ಅಂತ. ಹಾಕಿಕೊಂಡು ನಡುಮನೆಯಲ್ಲಿ ನಾಲ್ಕು ಸುತ್ತು ನಡೆದು, ಏನು ವಿಶೇಷ, ಹುದ್ದೆ ಸಿಕ್ಕಿತಾ ಎಂದಳು. ಅದಕ್ಕಿಂತ ದೊಡ್ಡದು ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ, ನನಗೆ ಅದಕ್ಕಿಂತ ದೊಡ್ಡದು ಇನ್ನೇನೂ ಇಲ್ಲವಂತೆ.

ಎರಡು ತಟ್ಟೆ ಊಟ ಮಾಡಿದೆ.

ಫೆಬ್ರವರಿ 28, ಶುಕ್ರವಾರ

2,326.

ಬಸ್ಸಿನಲ್ಲಿ ಟಿಕೆಟ್ ತೆಗೆಯುವಾಗ ತಟ್ಟನೆ ಹೊಳೆಯಿತು. ನನ್ನದಲ್ಲ ಎಂದರೆ ಇನ್ನೊಬ್ಬರದು.

ಎರಡು ದಿನ ಇದು ಹೊಳೆದಿರಲಿಲ್ಲ. ಹೇಗೆ ಹೊಳೆಯಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ.

ಆಗ ಲ್ಯಾಬಿನಲ್ಲಿದ್ದ ಆರು ಜನ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಒಬ್ಬಳಿಗೆ ಈಗ ಅವಳಿ ಮಕ್ಕಳು. ಒಬ್ಬ ಓಟದ ಹುಚ್ಚಿನವನು. ಯಾರದ್ದೆಂದು ತಿಳಿಯಬೇಕಾದರೆ ಅಣ್ಣನ ನೋಟ್‌ಬುಕ್ ತೆಗೆಯಬೇಕು. ಅದನ್ನು ತೆಗೆದರೆ ಒಪ್ಪಿಗೆ ಪತ್ರವಿಲ್ಲದ ಕಥೆ ಹೊರಬರುತ್ತದೆ. ಅದರ ಹಿಂದೆಯೇ ಗೆರೆ ಬೀಳುತ್ತದೆ, ಅದರ ಹಿಂದೆ 14ನೇ ತಾರೀಕು.

ಇನ್ನು ಎರಡು ವಾರ. ಹನ್ನೆರಡು ವರ್ಷ ಕಾದ ರಕ್ತ ಎರಡು ವಾರ ಕಾಯದೇ? ಆರರಿಂದ ಹತ್ತರ ನಡುವಿನವರೂ, ಪಾಪ, ಅಲ್ಲಿಯವರೆಗೆ... ವಾಕ್ಯ ಮುಗಿಸಲು ಆಗುತ್ತಿಲ್ಲ. ಸಮಿತಿ ಮುಗಿದ ದಿನವೇ ಎಲ್ಲ ಹೇಳಿಬಿಡುತ್ತೇನೆ. ಇದು ಮಾತು.

ಮತ್ತೆ ಹೆದರಿಕೆ ಶುರುವಾಗಿದೆ. ಈ ಸಲ ಅದಕ್ಕೆ ಮುಖವಿಲ್ಲ, ಅದೇ ಹೆಚ್ಚು ಕಷ್ಟ.

ಮಾರ್ಚ್ 4, ಮಂಗಳವಾರ

ಗ್ರಂಥಪಾಲಕಿ ವರದಿಯನ್ನು ಬೈಂಡ್ ಮಾಡಿಸಿ ತಂದಿದ್ದರು. ನೀಲಿ ರಟ್ಟು, ಒಳಗೆ ಏರುಗೆರೆಯ ಚಿತ್ರ. ನನ್ನ ಹೆಸರು ಇಷ್ಟು ದೊಡ್ಡದಾಗಿ ಅಚ್ಚಾದದ್ದು ಮೊದಲ ಸಲ. ಉಲ್ಲೇಖಿಸಿದವರು ಯಾವ ವಾಕ್ಯದಲ್ಲಿ ಉಲ್ಲೇಖಿಸಿದ್ದಾರೆ ಎಂದು ಆರಿಸಿ ಹತ್ತು ಪುಟ ಕೊನೆಗೆ ಸೇರಿಸಿದ್ದಾರೆ, ಇದನ್ನು ಬೇರೆ ಯಾರಿಗೂ ಮಾಡಿಕೊಟ್ಟಿಲ್ಲವಂತೆ. ಹೊಗಳಿಕೆಗೆ ಕಾಯುತ್ತ ನಿಂತರು. ಹೊಗಳಿದೆ.

ಆ ಹತ್ತು ಪುಟ ಓದಬಾರದಿತ್ತು. ‘ಗೆರೆಯ ಕೆಳಗಿದ್ದುದರಿಂದ ಔಷಧ ನಿಲ್ಲಿಸಲಾಯಿತು.’ ‘ಗೆರೆಯ ಕೆಳಗಿದ್ದುದರಿಂದ ಮಗುವನ್ನು ಮನೆಗೆ ಕಳಿಸಲಾಯಿತು.’ ಮಗುವನ್ನು. ನಾನು ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಎಣಿಸಿದ ಒಂದೊಂದರ ಹಿಂದೆಯೂ ಇಂಥದೊಂದು ವಾಕ್ಯವಿತ್ತು. ಒಂದನ್ನೂ ತೆರೆದು ಓದಿರಲಿಲ್ಲ.

ಹೊರಡುವ ಮುಂಚೆ ಅವರು ಒಂದು ಮಾತು ಕೇಳಿದರು, ವಿಷಯ ತಿಳಿಯದವರು ಕೇಳುವ ಹಾಗೆ, ಸುಮ್ಮನೆ.

“ಎಲ್ಲ ಕಡೆ ಆ ಏಳು ಜನ ಬರ್ತಾರೆ ಮೇಡಂ. ಈಗ ಹೇಗಿದ್ದಾರೆ ಅವರು?”

ಚೆನ್ನಾಗಿದ್ದಾರೆ ಎಂದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಮಾರ್ಚ್ 6, ಗುರುವಾರ

ಲೇಬಲ್ ಅಣ್ಣನ ಮನೆಗೆ ಹೋಗಿ ಬಂದೆ. ಬರೆದರೆ ಸ್ವಲ್ಪ ಹಗುರವಾಗಬಹುದು.

ಸ್ವಿಚ್ಚುಗಳ ಮೇಲೆಲ್ಲ ಲೇಬಲ್. ‘ಫ್ಯಾನು’, ‘ದೀಪ’, ‘ಇದು ಯಾವುದೂ ಅಲ್ಲ’. ನನ್ನನ್ನು ನೋಡಿ ಅವನಿಗೆ ಆದ ಸಂತೋಷಕ್ಕೆ ಕೂತ ಕುರ್ಚಿ ಮುಳ್ಳಾಯಿತು. ವಿಷಯ ಹೇಳಿದೆ. ಅವನು ಎದ್ದು ಹೋಗಿ, ವರ್ಷದ ಪ್ರಕಾರ ಜೋಡಿಸಿದ್ದ ಸಾಲಿನಿಂದ ಕೆಂಪು ಬೆನ್ನಿನ ನೋಟ್‌ಬುಕ್ ಎಳೆದು, ಪುಟ ತೆರೆದು ನನ್ನ ಮುಂದೆ ಇಟ್ಟ.

ಒಂದರಿಂದ ಆರು, ನಾನು ಎಣಿಸಿದ್ದವರೇ. ಏಳರ ಮುಂದೆ ‘ಮೇಡಂ’ ಎಂದು ಬರೆದು ಅಡ್ಡಗೆರೆ ಹೊಡೆದಿತ್ತು. ಪಕ್ಕದಲ್ಲಿ ಸಣ್ಣಕ್ಷರ: ‘ಶೀತ, ಮೂಗು ಸೋರುತ್ತಿದೆ, ಆರೋಗ್ಯವಂತರಲ್ಲ. ಬದಲಿಗೆ ಮೇಡಂ ತಂಗಿ.’

ಎಲ್ಲ ನೆನಪಾಯಿತು. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದೆ. ತರಲು ಅವಳಿಗೆ ಹೇಳಿದ್ದೆ. ಬಾಗಿಲಲ್ಲಿ ನಿಂತು ಕನ್ನಡಕ ಚಾಚಿದಳು, ಪಾಠಕ್ಕೆ ಹೊತ್ತಾಯಿತು ಎಂದಳು.

“ನೀವೇ ಕೈ ಹಿಡಿದು ಕೂರಿಸಿದ್ರಿ ಮೇಡಂ,” ಎಂದ ಅಣ್ಣ. “ನನ್ನ ರಕ್ತ ಬೇರೆ, ಅವಳ ರಕ್ತ ಬೇರೆನಾ ಅಂದ್ರಿ.”

ನೀರು ಕುಡಿಯಿರಿ ಎಂದು ಕೊಟ್ಟ. ಲೋಟದ ಮೇಲೂ ಲೇಬಲ್ ಇತ್ತು, ಓದಲಾಗಲಿಲ್ಲ.

ತುರಿಕೆ. ತಲೆನೋವು. ಕೆಂಪು ಮುಖ. ಅಂಗಾಲು ಉರಿ. ಇದೇ ಕ್ರಮದಲ್ಲಿ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಇದೇ ಡೈರಿಯಲ್ಲಿ ಒಂದೊಂದಾಗಿ ಬರೆದಿದ್ದೇನೆ, ಹಿಂದೆ ತಿರುಗಿಸಿ ನೋಡಿದೆ, ನನ್ನದೇ ಕೈಬರಹ. ಸೋಪು ಅಂತೆ. ಬ್ಯಾಂಕ್ ಮ್ಯಾನೇಜರಂತೆ.

ಮಾರ್ಚ್ 7, ಶುಕ್ರವಾರ

ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ಅವಳು ಹೊರಟಾಗ ನನ್ನನ್ನೂ ಬಿಡು ಎಂದು ಕಾರು ಹತ್ತಿದೆ. ಡ್ರೈವಿಂಗ್ ಸ್ಕೂಲಿನ ಕಾರು, ನಾನು ಕೂತ ಕಡೆಯೂ ಒಂದು ಬ್ರೇಕು. ಬೆಲ್ಟ್ ಹಾಕಿಕೋ, ಬ್ರೇಕ್ ಮೇಲೆ ಕಾಲಿಡಬೇಡ ಎಂದಳು. ಎರಡು ಸಿಗ್ನಲ್ ದಾಟಿದೆವು. ಆಮೇಲೆ ಬದಿಗೆ ನಿಲ್ಲಿಸು ಎಂದೆ. ಏಕೆ ಎಂದಳು, ನಿಲ್ಲಿಸಲಿಲ್ಲ. ನಾನೇ ಬ್ರೇಕ್ ತುಳಿದೆ.

ಹೇಳಿದೆ. ರೋಗಿಗಳಿಗೆ ಹೇಳುವಾಗ ಬಳಸುವ ಮೆತ್ತಗಿನ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಏಳು, ಮೂರು, ಹನ್ನೆರಡು ಎಂದು ಸಂಖ್ಯೆ ಹೇಳಿದೆ, ಎಲ್ಲಾದರೂ ರಕ್ತ ಕಟ್ಟಬಹುದು ಎಂದೆ. ಅವಳು ಮೊದಲು ನಕ್ಕಳು. ಕನ್ನಡಕ ಕೊಡೋಕೆ ಬಂದವಳ ರಕ್ತ ಎಳೆದುಕೊಂಡಿದ್ದಲ್ಲದೆ ಈಗ ಬಂದು ಕಾಯಿಲೆ ಅಂತೀಯ ಎಂದಳು. ಆಮೇಲೆ ನಗು ನಿಂತಿತು. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡುತ್ತ, ಯಾವಾಗ ಗೊತ್ತಾಯಿತು ಎಂದು ಕೇಳಿದಳು.

ಫೆಬ್ರವರಿ 12 ಎಂದೆ. ನನ್ನದು ಅಂದುಕೊಂಡಿದ್ದೆ, ಹೆದರಿ ಸತ್ತಿದ್ದೆ, ಕೊನೆಗೆ ಪರೀಕ್ಷೆ ಮಾಡಿಕೊಂಡೆ, 26ಕ್ಕೆ ನನ್ನದಲ್ಲ ಎಂದು ಬಂತು ಎಂದೆ.

ಅವಳು ಬೆರಳಲ್ಲಿ ಎಣಿಸಿದಳು. ಎಣಿಕೆಯಲ್ಲಿ ನನಗಿಂತ ಚುರುಕು.

“ನಿನ್ನದಲ್ಲ ಅಂತ ಗೊತ್ತಾದ ದಿನ ನನಗೆ ಚಪ್ಪಲಿ ತಂದೆ ಅಲ್ವಾ ಅಕ್ಕಾ,” ಎಂದಳು.

ಬೈಯಲಿಲ್ಲ, ಅಳಲಿಲ್ಲ. ಕಾರಿನಲ್ಲಿ ನಾನೇ ಅತ್ತೆ. ಕ್ಷಮಿಸು ಎಂದು ಎಷ್ಟು ಸಲ ಅಂದೆನೋ. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಅವಳು ಎಂಜಿನ್ ಬಂದ್ ಮಾಡಿ ಕೀಲಿ ನನ್ನ ಕೈಗೆ ಕೊಟ್ಟಳು. ರಕ್ತ ಕಟ್ಟಬಹುದು ಅಂದೆಯಲ್ಲ, ಹಾಗಿದ್ದರೆ ನಾನು ಗಾಡಿ ಓಡಿಸಬಾರದು, ನೀನು ಓಡಿಸು ಎಂದಳು. ಅಂಥ ಹೊತ್ತಲ್ಲೂ ಅವಳಿಗೆ ರಸ್ತೆಯ ಮೇಲಿನ ಬೇರೆಯವರ ನೆನಪಿತ್ತು.

ನಾನು ಆಸ್ಪತ್ರೆಯವರೆಗೆ ಎರಡನೇ ಗೇರಿನಲ್ಲೇ ಓಡಿಸಿದೆ. ಅವಳ ಕಾಲು ಪಕ್ಕದ ಬ್ರೇಕಿನ ಮೇಲೇ ಇತ್ತು.

ಮಾರ್ಚ್ 8, ಶನಿವಾರ

ಆ ಒಂದೇ ಜೀನ್ ನೋಡುವ ಪರೀಕ್ಷೆಯನ್ನು ರಾತ್ರಿಯೇ ಮಾಡಿಸಿದೆ. ಮೂರು ಈಗ ನಲವತ್ತೊಂದು. ನೂರಕ್ಕೆ ನಲವತ್ತೊಂದು. ರಕ್ತ ಎಷ್ಟು ಮಂದವಾಗಿದೆಯೆಂದರೆ ಸಿರಿಂಜಿಗೆ ಬರುವಾಗ ತಡೆದು ತಡೆದು ಬಂತು. ಎಡಪಕ್ಕೆಲುಬಿನ ಕೆಳಗೆ ಗುಲ್ಮ, ರಕ್ತ ಸೋಸುವ ಅಂಗ, ಊದಿಕೊಂಡು ಹೊಟ್ಟೆಯನ್ನು ಒತ್ತುತ್ತಿದೆ. ಊಟ ಅರ್ಧಕ್ಕೇ ಸಾಕಾಗುತ್ತದೆ ಅನ್ನುತ್ತಿದ್ದಳಂತೆ. ಯಾರ ಹತ್ತಿರ ಎಂದು ಕೇಳಿದೆ. ನಿನ್ನ ಹತ್ತಿರವೇ ಎಂದಳು.

ವಾರ್ಡಿನ ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ. ನನ್ನನ್ನು ಕಾರಿಡಾರಿಗೆ ಕರೆದು, ಚಿಕಿತ್ಸೆ ಇದೆ, ರಕ್ತ ತೆಗೆದು ತೆಳು ಮಾಡೋಣ, ಮಾತ್ರೆ ಶುರು ಮಾಡೋಣ, ಎಷ್ಟೋ ವರ್ಷ ಚೆನ್ನಾಗಿರುತ್ತಾರೆ, ನೀವೇ ಪಾಠ ಮಾಡಿದ್ದೀರಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ, ಇನ್ನೊಂದೆರಡು ವಾರ ತಡವಾಗಿದ್ದರೆ ಮಾತ್ರ ಹೇಳೋಕಾಗುತ್ತಿರಲಿಲ್ಲ ಮೇಡಂ ಎಂದಳು.

ಎರಡು ವಾರ. ಇಪ್ಪತ್ತೆಂಟನೇ ತಾರೀಕು ನಾನೇ ಕೇಳಿಕೊಂಡ ಅವಧಿ.

ಹೆದರಿಕೆ ಹೋಗಿಲ್ಲ. ತಂಗಿ ಪಕ್ಕಕ್ಕೆ ಹೊರಳಿದರೆ ಎದ್ದು ನೋಡುತ್ತೇನೆ, ಹೊರಳದಿದ್ದರೆ ಇನ್ನೂ ಹೆಚ್ಚು ಸಲ.

ಮಾರ್ಚ್ 10, ಸೋಮವಾರ

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಪ್ರಬಂಧ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ಬರೆದೆ. ಒಂದು ಪುಟ. ಏಳನೆಯವರು ಆರೋಗ್ಯವಂತರಲ್ಲ, ಗೆರೆ ಹತ್ತಲ್ಲ ಆರು, ರಕ್ತ ಕೊಟ್ಟವರ ಲಿಖಿತ ಒಪ್ಪಿಗೆ ನಮ್ಮಲ್ಲಿಲ್ಲ, ತಪ್ಪು ನನ್ನದು. ನಮ್ಮ ಆಸ್ಪತ್ರೆಯಲ್ಲಿ ಆರರಿಂದ ಹತ್ತರ ನಡುವೆ ಬಂದ ರೋಗಿಗಳ ಪಟ್ಟಿಯನ್ನು ವೈದ್ಯೆಗೆ ಕೊಟ್ಟು ಎಲ್ಲರನ್ನೂ ಮತ್ತೆ ಕರೆಸಲು ಹೇಳಿದೆ. ಹತ್ತೊಂಬತ್ತು ಹೆಸರು. ಬೇರೆ ಊರುಗಳಲ್ಲಿ ಎಷ್ಟೋ.

ನಿರ್ದೇಶಕರು ಫೋನ್ ಮಾಡಿದರು. ನಾಲ್ಕು ದಿನ ತಡೆಯಬಾರದಿತ್ತೇ ಎಂದರು. ತಡೆದಿದ್ದೆ ಸರ್ ಎಂದೆ. ಅವರು ಇನ್ನೂ ಏನೋ ಹೇಳುತ್ತಿದ್ದರು, ನರ್ಸ್ ಕರೆದರು, ಫೋನ್ ಇಟ್ಟೆ.

ತಂಗಿ ಇವತ್ತು ಪೂರ್ತಿ ಊಟ ಮಾಡಿದಳು. ಮನೆಯಿಂದ ಹಳೆಯ ಸೋಪು ತಂದುಕೊಟ್ಟೆ. ಪಾಪ, ಹೊಸದರ ತಪ್ಪೇನೂ ಇರಲಿಲ್ಲ ಎಂದಳು.

ಮಾರ್ಚ್ 14, ಶುಕ್ರವಾರ

ಇವತ್ತು ಎರಡನೇ ಸಲ ರಕ್ತ ತೆಗೆದರು. ಮಂಚದ ಕೆಳಗಿನ ತಕ್ಕಡಿಯಲ್ಲಿ ಚೀಲ ತೂಗುತ್ತ ತುಂಬುತ್ತಿತ್ತು. ಮೊದಲ ಸಲದಷ್ಟು ಕಪ್ಪಾಗಿರಲಿಲ್ಲ. ಅವಳ ಮುಖದ ಕೆಂಪೂ ಇಳಿದಿದೆ, ಅಂಗಾಲು ಉರಿ ಕಡಿಮೆ. ಚಪ್ಪಲಿ ಹಾಕಿಕೊಂಡೇ ಬಂದಿದ್ದಳು.

ಹನ್ನೊಂದಕ್ಕೆ ಗ್ರಂಥಪಾಲಕಿ ಫೋನ್ ಮಾಡಿ ಎಲ್ಲಿದ್ದೀರಿ, ಸಮಿತಿಯವರು ಬಂದು ಕೂತಿದ್ದಾರೆ ಎಂದರು. ತಾರೀಕು ಮರೆತೇ ಹೋಗಿತ್ತು. ಬರುವುದಿಲ್ಲ ಎಂದು ಹೇಳಿದೆ. ಹಾಗಾದರೆ ನೀಲಿ ರಟ್ಟಿನ ವರದಿ ಏನು ಮಾಡಲಿ ಎಂದರು. ಕೊನೆಯ ಹತ್ತು ಪುಟ ನನಗೆ ಕಳಿಸಿ, ಅವರಿಗೆಲ್ಲ ಪತ್ರ ಬರೆಯಬೇಕು ಎಂದೆ. ಹತ್ತು ಪುಟದಲ್ಲಿ ಇರುವವರು ಕೆಲವರೇ, ಉಳಿದವರ ವಿಳಾಸ ನಾನು ಹುಡುಕಿಕೊಡುತ್ತೇನೆ ಎಂದರು.

ತಂಗಿ ಕಣ್ಣು ಮುಚ್ಚಿದ್ದಳು, ನಿದ್ದೆ ಅಂದುಕೊಂಡಿದ್ದೆ. ಹಾಗೇ ಮಲಗಿದ್ದವಳು, ನನ್ನ ರಕ್ತ ಒಟ್ಟು ಎಷ್ಟು ಜನ ನೋಡಿದ್ದಾರೆ ಎಂದು ಕೇಳಿದಳು. ಲೆಕ್ಕ ನೆನಪಿರಲಿಲ್ಲ. ಫೋನ್ ತೆಗೆದು ನೋಡಿ ಹೇಳಬೇಕಾಯಿತು. 2,334.

“ಅಷ್ಟು ಜನ ನೋಡಿ ಒಬ್ಬರೂ ನನಗೆ ಹೇಳ್ಲಿಲ್ವಾ?”

ಅವರು ನೋಡಿದ್ದು ಸಂಖ್ಯೆಯನ್ನು, ಏಳು ಅಂದರೆ ಯಾರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು ಎಂದೆ.

“ನೀನು ಅಲ್ಲೇ ಇದ್ಯಲ್ಲ ಅಕ್ಕಾ,” ಎಂದಳು.

ಉತ್ತರಕ್ಕೆ ಕಾಯದೆ ಮತ್ತೆ ಕಣ್ಣು ಮುಚ್ಚಿದಳು. ಚೀಲ ತುಂಬಿತು. ನರ್ಸ್ ಬಂದು ಸೂಜಿ ತೆಗೆದು, ಹತ್ತಿ ಇಟ್ಟು, ಐದು ನಿಮಿಷ ಒತ್ತಿ ಹಿಡಿಯಿರಿ ಎಂದು ನನಗೆ ಹೇಳಿ ಹೋದರು. ಒತ್ತಿ ಹಿಡಿದೆ. ಐದು ನಿಮಿಷ ಆಗಿ ಎಷ್ಟೋ ಹೊತ್ತಾದ ಮೇಲೆ ಅವಳು, ಸಾಕು ಬಿಡೇ, ಕೈ ನೋಯುತ್ತೆ ಎಂದಳು. ಆಮೇಲೆ ಬಿಟ್ಟೆ.